ಜಿಂಕೆ, ಕಾಡುಕುರಿ ಮುಟ್ಟದ ಗಿಡ ಯಾವುದು? ಮಲೆನಾಡಿನ ಮನೆಯಂಗಳಕ್ಕೊಂದು ಹೋಲಿಕೆ

ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆ ತೋಟದ ನಡುವೆ ಮನೆ ಇರುವವರಿಗೆ, ಸಂಜೆ ನೋಡಿದ ದಾಸವಾಳದ ಚಿಗುರು ಬೆಳಗಾಗುವುದರೊಳಗೆ ಬೋಳಾಗಿರುವುದು ಹೊಸದೇನಲ್ಲ. ‘ಇದನ್ನ ಜಿಂಕೆ ತಿನ್ನಲ್ಲ’ ಎಂದು ನರ್ಸರಿಯಲ್ಲಿ ಕೊಡುವ ಗಿಡಗಳು ಹತ್ತಾರಿವೆ. ಆದರೆ ನಮ್ಮ ಮಳೆ, ನೆರಳು, ಕೊಟ್ಟಿಗೆಯ ದನಕರು ಎಲ್ಲಕ್ಕೂ ಹೊಂದುವವು ಕೆಲವೇ. ಬೇಲಿಸಾಲಿಗೆ, ಹೂಪಾತಿಗೆ, ಅಂಚಿಗೆ ಎಂದು ಬೇರೆ ಬೇರೆ ಗಿಡಗಳನ್ನು ಅಕ್ಕಪಕ್ಕದಲ್ಲೇ ಬೆಳೆಸಿ ನೋಡಿ ಕಂಡುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇವೆ. ಹಸು ಸಾಕುವ ಮಲೆನಾಡಿನ ಮನೆಯ ಬೇಲಿಗೆ ಆಡುಸೋಗೆಯನ್ನು ಮೀರಿಸುವ ಗಿಡ ನಮಗೆ ಸಿಕ್ಕಿಲ್ಲ.

ಗಿಡ ಆರಿಸುವ ಮೊದಲು ತಿಂದದ್ದು ಯಾವ ಪ್ರಾಣಿ ಎಂದು ನೋಡಬೇಕು. ಜಿಂಕೆ, ಕಡವೆ, ಕಾಡುಕುರಿ ಮೂರಕ್ಕೂ ಮೇಲ್ದವಡೆಯಲ್ಲಿ ಬಾಚಿಹಲ್ಲು ಇಲ್ಲ. ಹಾಗಾಗಿ ಅವು ಚಿಗುರನ್ನು ಕತ್ತರಿಸುವುದಿಲ್ಲ, ಕಚ್ಚಿ ಎಳೆದು ಹರಿಯುತ್ತವೆ. ಉಳಿದ ಕಡ್ಡಿಯ ತುದಿ ನಾರುನಾರಾಗಿ ಸೀಳಿರುತ್ತದೆ. ಕಡ್ಡಿ ಓರೆಯಾಗಿ, ಚಾಕುವಿನಲ್ಲಿ ಕೊಯ್ದಂತೆ ನುಣ್ಣಗಿದ್ದರೆ ಅದು ಮೊಲ. ಮೂರಡಿಯ ಕೆಳಗಷ್ಟೇ ತಿಂದಿದ್ದರೆ ಕಾಡುಕುರಿ ಇರಬಹುದು. ಆಳೆತ್ತರದ ಕೊಂಬೆಯೂ ಬೋಳಾಗಿದ್ದರೆ ಕಡವೆ, ಅದು ಹಿಂಗಾಲಿನ ಮೇಲೆ ನಿಂತು ಮೇಲಿನ ಎಲೆಯನ್ನೂ ಎಟುಕಿಸಿಕೊಳ್ಳುತ್ತದೆ. ಕೊಂಬೆಗೆ ಕೊಂಬೆಯೇ ಮುರಿದು ಪಾತಿ ತುಳಿದುಹೋಗಿದ್ದರೆ ಅದು ಕಾಟಿ (ಕಾಡುಕೋಣ). ಕಾಟಿಯನ್ನು ಯಾವ ಗಿಡವೂ ತಡೆಯದು.

ಕಾಲವೂ ಮುಖ್ಯ. ಜಿಂಕೆಗೆ ಮೊದಲ ಆಯ್ಕೆ ಹುಲ್ಲು. ಫೆಬ್ರವರಿಯಿಂದ ಮೇ ತನಕ ಹುಲ್ಲು ಒಣಗಿದಾಗ ಅದು ಸೊಪ್ಪಿಗೆ ಬಾಯಿ ಹಾಕುತ್ತದೆ. ಕಾಡುಕುರಿ ವರ್ಷವಿಡೀ ಎಳೆ ಚಿಗುರು, ಮೊಗ್ಗು, ಉದುರಿದ ಹಣ್ಣನ್ನೇ ಹುಡುಕುತ್ತದೆ. ಜುಲೈಯಲ್ಲಿ ಮುಟ್ಟದ ಗಿಡವನ್ನು ಏಪ್ರಿಲ್‌ನಲ್ಲಿ ತಿನ್ನುವುದುಂಟು. ಒಂದು ಬೇಸಿಗೆ ದಾಟದ ಗಿಡವನ್ನು ‘ತಿನ್ನುವುದಿಲ್ಲ’ ಎಂದು ಹೇಳಬೇಡಿ.

ಬೇಲಿಸಾಲಿಗೆ ನಾವು ಹೋಲಿಸಿದ್ದು ಕಣಗಿಲೆ, ಡುರಾಂಟ, ಆಡುಸೋಗೆ.

ತಿನ್ನದಿರುವುದೊಂದನ್ನೇ ಅಳತೆಗೋಲು ಮಾಡಿಕೊಂಡರೆ ಕಣಗಿಲೆಯೇ ಮೊದಲು. ಕಟುಬೇಸಿಗೆಯಲ್ಲೂ ಅದರ ಒಂದೆಲೆ ಹರಿದದ್ದಿಲ್ಲ. ಆದರೆ ಹೃದಯದ ಬಡಿತವನ್ನೇ ಕೆಡಿಸುವ ಓಲಿಯಾಂಡ್ರಿನ್ ಎಂಬ ವಿಷ ಅದರ ಎಲೆ, ಕಡ್ಡಿ, ಬೇರು ಎಲ್ಲದರಲ್ಲೂ ಇದೆ, ಎಲೆ ಒಣಗಿದ ಮೇಲೂ ಹೋಗುವುದಿಲ್ಲ. ಮಲೆನಾಡಿನಲ್ಲಿ ಸವರಿದ ಸೊಪ್ಪು ಹೋಗುವುದು ನೇರ ಕೊಟ್ಟಿಗೆಯ ಹಾಸಿಗೆಗೆ. ಅಪಾಯ ಅಲ್ಲೇ ಇರುವುದು. ಹಸಿ ಕಣಗಿಲೆಗಿಂತ ಒಣಗಿದ್ದನ್ನು ದನ ಬೇಗ ತಿನ್ನುತ್ತದೆ. ಅದರ ಕಡ್ಡಿಯನ್ನು ಬಚ್ಚಲೊಲೆಗೂ ಹಾಕಬಾರದು, ಹೊಗೆಯೂ ವಿಷವೇ. ಇನ್ನು ಮಳೆಯ ಮಾತು. ಕಣಗಿಲೆಗೆ ಬೇಕಿರುವುದು ಬಿಸಿಲು, ನೀರು ನಿಲ್ಲದ ನೆಲ. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ ಬೀಳುವ ಅರಸೀಕೆರೆ, ಕಡೂರು ಕಡೆ ಅದು ತುಂಬಿ ಹೂಬಿಡುತ್ತದೆ. 2000 ಮಿ.ಮೀ. ದಾಟುವ ಮೂಡಿಗೆರೆಯಲ್ಲಿ ಸಿಲ್ವರ್ ಓಕ್ ನೆರಳಿಗೆ ನೆಟ್ಟರೆ ಕಡ್ಡಿ ಉದ್ದುದ್ದ ಎಳೆದು, ಬುಡ ಬರಿದಾಗಿ, ಹೂವೂ ಇಲ್ಲ, ಮರೆಯೂ ಇಲ್ಲ. ದನವಿಲ್ಲದ, ಚಿಕ್ಕ ಮಕ್ಕಳಿಲ್ಲದ ಬಯಲುಸೀಮೆಯ ಮನೆಯಾದರೆ ಕಣಗಿಲೆ ನೆಡಿ. ಮಿಕ್ಕವರು ಬಿಟ್ಟುಬಿಡಿ.

ಹೊಂಬಣ್ಣದ ಡುರಾಂಟ ನೋಡಲು ಚೆನ್ನ, ಬೇಗ ಒತ್ತಾಗುತ್ತದೆ. ತೊಂದರೆ ಏನೆಂದರೆ ಅದರ ಅಂದವಿರುವುದೇ ಪದೇಪದೇ ಸವರುವುದರಲ್ಲಿ. ಸವರಿದಷ್ಟೂ ಎಳೆ ಚಿಗುರು, ಚಿಗುರಿದಷ್ಟೂ ಕಾಡುಕುರಿಗೆ ಊಟ. ಬಲಿತ ಎಲೆ ಉಳಿಯುತ್ತದೆ, ತುದಿ ಹೋಗುತ್ತದೆ. ಮುಳ್ಳಿರುವ ಹಸಿರು ಡುರಾಂಟ ಇದಕ್ಕಿಂತ ವಾಸಿ, ಆದರೆ ಅದನ್ನು ಆರಡಿಗೆ ಬೆಳೆಯಲು ಬಿಡಬೇಕು. ಎರಡರ ಕಾಯಿಯೂ ವಿಷ, ಮಕ್ಕಳ ಕೈಗೆ ಎಟುಕಬಾರದು.

ಆಡುಸೋಗೆಯ ಎಲೆ ಕಹಿ, ಮುರಿದರೆ ಗಾಟು ವಾಸನೆ. ಮೇಕೆಗಳೂ ಅದನ್ನು ಬಿಟ್ಟು ಮುಂದೆ ಹೋಗುತ್ತವೆ. ಮೊದಲ ಬೇಸಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಚಿಗುರನ್ನು ಜಿಂಕೆ ರುಚಿ ನೋಡಿ ಉಗಿದಿದ್ದು ಕಂಡಿದೆ, ಅದರಾಚೆಗೆ ಏನೂ ಇಲ್ಲ. ಅರ್ಧ ನೆರಳಿಗೂ ಜಡಿಮಳೆಗೂ ಅದು ಜಗ್ಗದು. ಸವರಿದ ಸೊಪ್ಪು ತೋಟಕ್ಕೆ ಒಳ್ಳೆಯ ಹಸಿರುಗೊಬ್ಬರ, ಚಳಿಗಾಲದ ಬಿಳಿ ಹೂವಿಗೆ ಜೇನು ಬರುತ್ತದೆ.

ನೆಡುವ ಕ್ರಮ ಹೀಗೆ: ಮೃಗಶಿರಾ ಮಳೆ ಹಿಡಿದ ಮೇಲೆ, ಪೆನ್ಸಿಲ್‌ಗಿಂತ ದಪ್ಪನೆಯ ಬಲಿತ ಕಡ್ಡಿಯನ್ನು 20–25 ಸೆಂ.ಮೀ. ಉದ್ದಕ್ಕೆ, ಮೂರು ನಾಲ್ಕು ಗಂಟು ಬರುವಂತೆ ಕತ್ತರಿಸಿ. ಎರಡು ಗಂಟು ಮಣ್ಣಿನೊಳಗೆ ಹೋಗಲಿ. ಎರಡು ಸಾಲು ಹಾಕಿ, ಸಾಲಿನ ನಡುವೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಒಂದು ಸಾಲಿನ ಗಿಡ ಇನ್ನೊಂದು ಸಾಲಿನ ಸಂದಿಗೆ ಎದುರಾಗಿರಲಿ. 30 ಅಡಿ ಬೇಲಿಗೆ ಸುಮಾರು 40 ಕಡ್ಡಿ ಬೇಕು. ಒಂದಿಷ್ಟು ಹಿಡಿಯುವುದಿಲ್ಲ, ಹಾಗಾಗಿ ಹೆಚ್ಚುವರಿ 12–15 ಕಡ್ಡಿಯನ್ನು ಕವರಿನಲ್ಲಿ ಬೇರು ಬರಿಸಿಟ್ಟುಕೊಳ್ಳಿ. ಹೆಚ್ಚಿನವರು ತಪ್ಪುವುದು ಮುಂದಿನ ಹಂತದಲ್ಲಿ. ಗಿಡ ಮೂರಡಿ ಆಯಿತೆಂದು ಸಂತೋಷಪಟ್ಟು ಹಾಗೇ ಬಿಡುತ್ತಾರೆ. ಮೊದಲ ವರ್ಷ ಅಕ್ಟೋಬರ್‌ನಲ್ಲಿ ಮೊಣಕಾಲೆತ್ತರಕ್ಕೆ ಸವರಲೇಬೇಕು. ಇಲ್ಲದಿದ್ದರೆ ಕವಲೊಡೆಯದೆ ಮೇಲಕ್ಕೆ ಹೋಗಿ ಬುಡ ಬಯಲಾಗುತ್ತದೆ. ಕಾಡುಕುರಿ ಬೇಲಿ ಹಾರುವುದಕ್ಕಿಂತ ನುಸುಳುವುದೇ ಹೆಚ್ಚು. ಒಂದಡಿ ಸಂದಿ ಅದಕ್ಕೆ ಸಾಕು.

ಲಂಟಾನ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಜಿಂಕೆ ತಿನ್ನುವುದಿಲ್ಲ, ನಿಜ. ಆದರೆ ಹಕ್ಕಿಗಳು ಅದರ ಬೀಜ ಹರಡಿ ಕಾಡಿನ ನೆಲವನ್ನೇ ಮುಚ್ಚುತ್ತದೆ, ಜಿಂಕೆಗೆ ಬೇಕಾದ ಹುಲ್ಲು ಅಲ್ಲಿ ಬೆಳೆಯುವುದಿಲ್ಲ. ಕಾಡಿನಲ್ಲಿ ಮೇವು ಕಳೆದರೆ ಅವು ಇನ್ನಷ್ಟು ನಮ್ಮ ಅಂಗಳಕ್ಕೇ ಬರುತ್ತವೆ. ದಯವಿಟ್ಟು ನೆಡಬೇಡಿ.

ಹೂಪಾತಿಗೆ ಚೆಂಡುಹೂ, ಸಾಲ್ವಿಯಾ, ನಿತ್ಯಪುಷ್ಪ. ದೊಡ್ಡ ಹೂವಿನ ಚೆಂಡುಹೂವಿನ ಎಲೆ ಉಳಿದರೂ ಮೊಗ್ಗು ಹೋಗುತ್ತದೆ. ಗಿಡ್ಡ ಜಾತಿಯದು ಸ್ವಲ್ಪ ಮೇಲು. ನೀಲಿ ಸಾಲ್ವಿಯಾ ಚೆನ್ನಾಗಿ ನಿಂತಿತು, ಕೆಂಪಿನದನ್ನು ಆಗಾಗ ತಿಂದವು. ನಿತ್ಯಪುಷ್ಪ ಮಾತ್ರ ಪೂರಾ ಸುರಕ್ಷಿತ, ಅದರ ರಸದ ಕಹಿ ಅಂಥದು. ಆದರೆ ಅದನ್ನು ಕೊಲ್ಲುವುದು ನಮ್ಮ ಆಷಾಢದ ಮಳೆ. ನೆಲಮಟ್ಟದಲ್ಲಿ ಕಾಂಡ ಕಪ್ಪಾಗಿ, ಕೊಳೆತು, ಗಿಡ ಒಂದೇ ದಿನದಲ್ಲಿ ಜೋಲುತ್ತದೆ. ಅರ್ಧ ಅಡಿ ಎತ್ತರದ ಮಡಿ ಮಾಡಿ, ಮೂರು ಪಾಲು ಮಣ್ಣಿಗೆ ಒಂದು ಪಾಲು ಮರಳು ಸೇರಿಸಿ, ಸೆಪ್ಟೆಂಬರ್ ಕೊನೆಗೆ ಸಸಿ ನೆಡಿ. ಜಿಂಕೆಯ ಕಾಟ ಜೋರಾಗುವ ಬೇಸಿಗೆಯಲ್ಲೇ ಅದು ತುಂಬಿ ಅರಳಿರುತ್ತದೆ.

ನೆರಳಿನ ಮೂಲೆಗೆ ಆಂಥೂರಿಯಂ, ಕೆಸುವಿನ ಜಾತಿಗಳು ಆಗುತ್ತವೆ. ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಬಾಯಿ ತುರಿಸುವುದರಿಂದ ಜಿಂಕೆ ದೂರ. ಆದರೆ ಹಂದಿ ಬರುವ ಜಾಗದಲ್ಲಿ ಕೆಸು ಹಾಕಿದರೆ ಗಡ್ಡೆಗಾಗಿ ಇಡೀ ಪಾತಿ ಉತ್ತು ಹೋಗುತ್ತದೆ.

ಪಾತಿಯ ಅಂಚಿಗೆ ಮಜ್ಜಿಗೆಹುಲ್ಲು, ದೊಡ್ಡಪತ್ರೆ ಎರಡೂ ವಾಸನೆಯಿಂದ ಕಾಯುತ್ತವೆ ಎನ್ನುವುದು ಅರ್ಧ ನಿಜ. ಅವನ್ನು ತಿನ್ನುವುದಿಲ್ಲ, ಆದರೆ ಹಿಂದಿರುವ ಗುಲಾಬಿಯನ್ನು ಅವು ಕಾಯುವುದೂ ಇಲ್ಲ. ಮಜ್ಜಿಗೆಹುಲ್ಲಿನ ನಿಜವಾದ ಉಪಯೋಗ ಆಡುಸೋಗೆಯ ಬುಡದ ಸಂದಿ ಮುಚ್ಚುವುದು. ಬಿಸಿಲು ಬೀಳುವ ಕಡೆ ಒಂದೂವರೆ ಅಡಿಗೊಂದು ಬುಡ ನೆಟ್ಟು, ಮೂರು ವರ್ಷಕ್ಕೊಮ್ಮೆ ಕಿತ್ತು ಒಡೆದು ನೆಡಿ, ಇಲ್ಲದಿದ್ದರೆ ನಡುವೆ ಒಣಗುತ್ತದೆ. ದೊಡ್ಡಪತ್ರೆ ಮಳೆಗೆ ಕೊಳೆಯುತ್ತದೆ, ಅದರ ಜಾಗ ಸೂರಿನಡಿಯ ಕುಂಡ.

ಗುಲಾಬಿ, ದಾಸವಾಳ, ಡೇರೆ ಇಲ್ಲದ ಮಲೆನಾಡಿನ ಅಂಗಳ ಉಂಟೇ? ಇವು ಮೂರನ್ನೂ ತಿಂದೇ ತಿನ್ನುತ್ತವೆ, ಯಾವ ಸಿಂಪಡಣೆಯೂ ಮಳೆಗಾಲದಲ್ಲಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಲೀಟರ್ ನೀರಿಗೆ ಒಂದು ಮೊಟ್ಟೆ ಕದಡಿ, ಸೋಸಿ, ಎಲೆಗೆ ಸಿಂಪಡಿಸಿದರೆ ತಕ್ಕಮಟ್ಟಿಗೆ ತಡೆಯುತ್ತದೆ. ಹೊಸ ಚಿಗುರು ಬಂದಾಗಲೆಲ್ಲ ಮತ್ತೆ ಹೊಡೆಯಬೇಕು. ಉರುಳು, ಕರೆಂಟ್ ತಂತಿಯ ಯೋಚನೆಯೇ ಬೇಡ. ಇವೆಲ್ಲ 1972ರ ವನ್ಯಜೀವಿ ಕಾಯ್ದೆ ಕಾಪಾಡುವ ಪ್ರಾಣಿಗಳು, ಮೇಲಾಗಿ ಆ ತಂತಿಗೆ ಮನುಷ್ಯರೂ ಬಲಿಯಾಗುತ್ತಾರೆ. ಈ ಮೂರನ್ನು ಮನೆಯ ಗೋಡೆಯ ಹತ್ತಿರಕ್ಕೆ ತಂದು, ಗಿಡದ ಸುತ್ತ ಐದಡಿ ಎತ್ತರದ ಜಿಐ ಮೆಶ್ (ಸತು ಲೇಪಿಸಿದ ಕಬ್ಬಿಣದ ಜಾಲರಿ) ನಿಲ್ಲಿಸಿ. ಮೆಶ್ ಚಿಗುರಿನಿಂದ ಒಂದಡಿ ದೂರವಿರಲಿ, ಹತ್ತಿರವಿದ್ದರೆ ಮೂತಿ ಒತ್ತಿ ತಿನ್ನುತ್ತವೆ. ಬುಡವನ್ನು ಕಬ್ಬಿಣದ ಗೂಟದಿಂದ ನೆಲಕ್ಕೆ ಬಿಗಿಯಿರಿ. ಡೇರೆಗೆ ಗಡ್ಡೆಯ ಕೆಳಗೂ ಒಂದು ತುಂಡು ಮೆಶ್ ಹಾಸಿದರೆ ಮುಳ್ಳುಹಂದಿಯಿಂದ ಉಳಿಯುತ್ತದೆ. ದಾಸವಾಳ ಆರಡಿ ದಾಟಿ ಕಾಂಡ ಬಲಿತ ಮೇಲೆ ಮೆಶ್ ತೆಗೆದು ಮುಂದಿನ ಗಿಡಕ್ಕೆ ಬಳಸಬಹುದು. ಕಡವೆ ಓಡಾಡುವ ಜಾಗವಾದರೆ ಮಾತ್ರ ತೆಗೆಯಬೇಡಿ, ಗಂಡು ಕಡವೆ ಕೊಂಬು ಉಜ್ಜಿದರೆ ಸಿಪ್ಪೆ ಸುಲಿದು ಗಿಡವೇ ಒಣಗುತ್ತದೆ.