ಅಭ್ಯರ್ಥಿಗೆ ವಿಡಿಯೋದಲ್ಲಿ ಪ್ರಶ್ನೆ: ಎರಡು ಚುನಾವಣೆಯಲ್ಲಿ ಬಳಸಿದ ಮೇಲೆ

ಬಳಸಿದ್ದು: ಯೂಟ್ಯೂಬ್ ಲೈವ್, ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡ ವಿಡಿಯೋ ಪ್ರಶ್ನೆಗಳು
ಎಲ್ಲಿ: ಚೆಂಬೂರು, ಮುಂಬೈ
ಅಂಕ: 5ಕ್ಕೆ 3.5

ನಮ್ಮದು ಚಿಕ್ಕ ಕನ್ನಡ ಬಳಗ. ಹೋಟೆಲಿನವರು, ಬ್ಯಾಂಕಿನಿಂದ ರಿಟೈರ್ ಆದವರು, ಕಾಲೇಜು ಹುಡುಗರು ಇದ್ದಾರೆ. ಅಕ್ಕಪಕ್ಕದ ಮರಾಠಿ, ತಮಿಳು ಮನೆಯವರೂ ಸೇರಿಕೊಂಡರು. 2024ರ ನವೆಂಬರ್ 20ರ ವಿಧಾನಸಭೆ ಚುನಾವಣೆಗೆ ಮೊದಲು ಒಮ್ಮೆ, 2026ರ ಜನವರಿ 15ರ ಮಹಾನಗರಪಾಲಿಕೆ ಚುನಾವಣೆಗೆ ಮೊದಲು ಇನ್ನೊಮ್ಮೆ ಅಭ್ಯರ್ಥಿಗಳನ್ನು ಲೈವ್‌ನಲ್ಲಿ ಕೂರಿಸಿದೆವು.

ಮೊದಲೇ ಹೇಳಿಬಿಡುತ್ತೇನೆ, ಲೈವ್ ಚಾಟ್‌ನಲ್ಲಿ ಪ್ರಶ್ನೆ ಕೇಳಿಸುವುದು ದಂಡ. ಕಾರ್ಯಕರ್ತರು ಬಂದು ಜೈಕಾರ ತುಂಬಿಸುತ್ತಾರೆ, ಒಳ್ಳೆಯ ಪ್ರಶ್ನೆ ಮೇಲೆ ಹಾರಿ ಹೋಗಿಬಿಡುತ್ತದೆ. ಎರಡನೇ ಸಲ ಚಾಟನ್ನೇ ಆಫ್ ಮಾಡಿದೆವು. ಮೊದಲೇ ರೆಕಾರ್ಡ್ ಮಾಡಿ ಕಳಿಸಿದ ಅರ್ಧ ನಿಮಿಷದ ವಿಡಿಯೋಗೆ ಇರುವ ಬಲವೇ ಬೇರೆ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮನೆ ಹಿಂದಿನ ಚಾಳಿನ (ಒಂದೊಂದೇ ಕೋಣೆಯ ಮನೆಗಳ ಸಾಲು) ಅಕ್ಕ ಒಬ್ಬರು ಮುಖ ತೋರಿಸಲು ಒಪ್ಪಲಿಲ್ಲ. ಬೆಳಗಿನ ಜಾವ ನೀರು ಬರುವ ಹೊತ್ತಿಗೆ ಫೋನನ್ನು ನಲ್ಲಿಯ ಮುಂದೆ ಹಿಡಿದರು. ನಲ್ಲಿ ಎರಡು ಸಲ ಬುಸ್ ಅಂದಿತು, ಸ್ವಲ್ಪ ಕೆಂಪು ನೀರು ಬಂತು, ಆಮೇಲೆ ಬರೀ ಗಾಳಿ. ಕೆಳಗೆ ನೀಲಿ ಡ್ರಮ್ಮು, ಅದರ ತಳದಲ್ಲಿ ಒಂದು ಚೊಂಬು. ಹಿಂದಿನಿಂದ ಅಕ್ಕನ ದನಿ: "ಸಾಹೇಬ್ರೇ, ಇದರಲ್ಲಿ ಐದು ಜನ ಸ್ನಾನ ಮಾಡಬೇಕು, ಹೇಗೆ ಅಂತ ಹೇಳಿ." ಅಭ್ಯರ್ಥಿ ತಾನ್ಸಾ, ಭಾತ್ಸಾ ಅಂತ ಶುರು ಮಾಡಿದರು. ಮುಂಬೈಗೆ ನೀರು ಕೊಡುವ ಏಳೂ ಕೆರೆ ತುಂಬಿವೆ ಅಂದರು. ನಮ್ಮ ಹುಡುಗ ಏನೂ ಮಾತಾಡದೆ ಅದೇ ವಿಡಿಯೋ ಮತ್ತೆ ಹಾಕಿದ. ಆಗ ಕೇಳಿದರು ನೋಡಿ, ಯಾವ ಗಲ್ಲಿ, ಪೈಪು ಯಾವ ಕಡೆಯಿಂದ ಬರುತ್ತದೆ ಅಂತ! ಸಭೆಯಲ್ಲಿ ಅಕ್ಕ ಎದ್ದು ನಿಂತು ಕೇಳಿದ್ದರೆ ಅವರ ಕೈಯಿಂದ ಮೈಕ್ ಯಾವಾಗಲೋ ಮುಂದೆ ಹೋಗಿರುತ್ತಿತ್ತು.

ದೊಡ್ಡ ತಲೆನೋವು ಅಂದರೆ ಯಾವ ಪ್ರಶ್ನೆ ಹಾಕಬೇಕು ಅನ್ನುವುದು. ಇದು ಹಳೇ ಜಗಳವೇ. 2007ರ ಜುಲೈ 23ರಂದು ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಸಿಎನ್‌ಎನ್ ಮತ್ತು ಯೂಟ್ಯೂಬ್ ಸೇರಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಪದವಿ ಆಕಾಂಕ್ಷಿಗಳ ಚರ್ಚೆ ನಡೆಸಿದವು. ಜನ ಕಳಿಸಿದ್ದು ಸುಮಾರು 3,000 ವಿಡಿಯೋ ಪ್ರಶ್ನೆ, ತೋರಿಸಿದ್ದು 39. ಆರಿಸಿದ್ದು ಚಾನೆಲ್‌ನವರು, ಅದಕ್ಕೇ ಆಗ ಸಾಕಷ್ಟು ಗೊಣಗಾಟ ಆಯಿತು. ಜನರೇ ವೋಟು ಹಾಕಿ ಆರಿಸಲಿ ಅಂದವರೂ ಇದ್ದರು. ನಾವು ಮೊದಲ ಸಲ ಅದನ್ನೇ ಮಾಡಿದೆವು, ವಾಟ್ಸ್‌ಆ್ಯಪ್ ಪೋಲ್. ಏನಾಯ್ತು ಗೊತ್ತಾ? ದೊಡ್ಡ ಟವರಿನವರ ಪಾರ್ಕಿಂಗ್ ಪ್ರಶ್ನೆ ಮೊದಲ ಸ್ಥಾನಕ್ಕೆ ಬಂತು, ಚಾಳಿನ ಸಾರ್ವಜನಿಕ ಶೌಚಾಲಯದ ಪ್ರಶ್ನೆ ಕೊನೆಗೆ ಹೋಯಿತು. ಜನ ಜಾಸ್ತಿ ಇದ್ದವರದೇ ಗೆಲುವು. ಎರಡನೇ ಸಲ ಪ್ರತಿ ಗಲ್ಲಿಗೆ ಒಂದು ಪ್ರಶ್ನೆ ಖಾಯಂ, ಉಳಿದದ್ದಕ್ಕೆ ಮಾತ್ರ ಪೋಲ್ ಅಂತ ಮಾಡಿದೆವು. ಟವರಿನವರು ಈಗಲೂ ಮುನಿಸಿಕೊಂಡಿದ್ದಾರೆ, ಇರಲಿ.

ತಮಾಷೆ ವಿಡಿಯೋ ಬೇಡವೇ ಬೇಡ. ಆ ಅಮೆರಿಕದ ಚರ್ಚೆಯಲ್ಲಿ ಹಿಮದ ಗೊಂಬೆಯೊಂದು ಭೂಮಿ ಬಿಸಿಯಾಗುವ ಬಗ್ಗೆ ಕೇಳಿತ್ತು. ಗೊಂಬೆಗೆ ಉತ್ತರ ಕೊಡುವುದು ಅಧ್ಯಕ್ಷ ಪದವಿಗೆ ತಕ್ಕದ್ದಲ್ಲ ಅಂತ ಎದುರು ಪಕ್ಷವಾದ ರಿಪಬ್ಲಿಕನ್ ಪಕ್ಷದ ಆಕಾಂಕ್ಷಿ ಮಿಟ್ ರಾಮ್ನಿ ಆಮೇಲೆ ಮೂಗು ಮುರಿದಿದ್ದರು. ನಮ್ಮ ಹುಡುಗನೊಬ್ಬ ಸೊಳ್ಳೆಯ ಮುಖವಾಡ ಹಾಕಿಕೊಂಡು ಡೆಂಗಿ ಬಗ್ಗೆ ಕೇಳಿದ. ಅಭ್ಯರ್ಥಿ ನಕ್ಕರು, ಎಲ್ಲರನ್ನೂ ನಗಿಸಿದರು, ಉತ್ತರ ಕೊಡದೆ ಜಾರಿಕೊಂಡರು.

ಭಾಷೆ ಅಷ್ಟೊಂದು ತೊಂದರೆ ಕೊಡಲಿಲ್ಲ. ಹಿರಿಯರು ಕನ್ನಡದಲ್ಲೇ ಕೇಳಿದರು, ಹುಡುಗರು ಕೆಳಗೆ ಮರಾಠಿ ಸಾಲು ಹಾಕಿದರು.

ನನಗೆ ತುಂಬಾ ಹಿಡಿಸಿದ್ದು ವಿಡಿಯೋ ಆಮೇಲೂ ಉಳಿಯುತ್ತದೆ ಅನ್ನುವುದು. ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಚುನಾವಣೆ ತನಕ ವಾರ್ಡಿಗೆ ನಗರಸೇವಕರೇ (ಕಾರ್ಪೊರೇಟರ್) ಇರಲಿಲ್ಲ, ಆಡಳಿತಾಧಿಕಾರಿ ಕೈಯಲ್ಲೇ ಎಲ್ಲ. ಈಗ ಕೇಳಲು ಒಬ್ಬರಿದ್ದಾರೆ. ವಿಡಿಯೋ ಕೆಳಗಿನ ವಿವರಣೆಯಲ್ಲಿ 0:00ರಿಂದ ಶುರು ಮಾಡಿ ಪ್ರತಿ ಪ್ರಶ್ನೆಯ ಸಮಯ ಬರೆದರೆ ಯೂಟ್ಯೂಬ್ ತಾನೇ ಭಾಗ ಮಾಡಿಕೊಡುತ್ತದೆ. ನೀರಿನ ದೂರು ಬಂದರೆ ನಗರಸೇವಕರ ಆಫೀಸಿಗೆ ಆ ಭಾಗದ ಲಿಂಕ್ ಕಳಿಸುತ್ತೇವೆ. ನೀರು ಇನ್ನೂ ಪೂರ್ತಿ ಸರಿಹೋಗಿಲ್ಲ. ಆದರೆ "ನಾನು ಹಾಗೆ ಹೇಳಿಯೇ ಇಲ್ಲ" ಅನ್ನುವ ಮಾತು ಬಂದ್ ಆಗಿದೆ.

ಒಂದೂವರೆ ಅಂಕ ಕಳೆದದ್ದು ಬಾರದವರಿಗಾಗಿ. ಗೆಲ್ಲುವ ನಂಬಿಕೆ ಇರುವವರು ಬರುವುದೇ ಕಡಿಮೆ, ಪಿಎ ಫೋನೆತ್ತಿ "ನೋಡೋಣ" ಅನ್ನುತ್ತಾರೆ. ಕರೆದವರ ಪಟ್ಟಿಯನ್ನು ಲೈವ್ ಶುರುವಿನಲ್ಲೇ ಓದಿಬಿಡಿ, ಸಾಕು.

ನೀವೂ ಮಾಡುವುದಾದರೆ ಯೂಟ್ಯೂಬ್ ಖಾತೆಯ ಕೆಲಸ ಬೇಗ ಮುಗಿಸಿ. ಮೊದಲ ಲೈವ್‌ಗೆ ಅನುಮತಿ ಬರಲು 24 ಗಂಟೆ ತನಕ ಹಿಡಿಯಬಹುದು. ಫೋನಿನಿಂದಲೇ ಲೈವ್ ಹೋಗಲು ಕನಿಷ್ಠ 50 ಸಬ್‌ಸ್ಕ್ರೈಬರ್ ಬೇಕು. ವಿಧಾನಸಭೆ, ಲೋಕಸಭೆ ಚುನಾವಣೆಯಾದರೆ ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಪ್ರಚಾರ ನಿಲ್ಲುತ್ತದೆ, ಲೈವ್ ಅದಕ್ಕೂ ಮುಂಚೆ ಇಟ್ಟುಕೊಳ್ಳಿ. ಪ್ರಶ್ನೆ ರೆಕಾರ್ಡ್ ಮಾಡುವವರಿಗೆ ಅಭ್ಯರ್ಥಿಯ ಅಫಿಡವಿಟ್ ಓದಲು ಹೇಳಿ. ಆಸ್ತಿ, ಕೇಸು ಎಲ್ಲ ಅದರಲ್ಲಿ ಇರುತ್ತದೆ, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.