ಆರು ವರ್ಷ ಇಂಕ್‌ಸ್ಕೇಪ್, ಸ್ಕ್ರೈಬಸ್, ಜಿಂಪ್: ಒಬ್ಬ ಡಿಟಿಪಿಯವನ ಅನುಭವ

ಶಿರಸಿಯಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ನನ್ನದು. ಲಗ್ನಪತ್ರಿಕೆ, ಬಿಲ್‌ಬುಕ್, ಮಳೆಗಾಲ ಕಳೆದ ಮೇಲೆ ಯಕ್ಷಗಾನದ ಕರಪತ್ರ. ಎರಡು ವರ್ಷಕ್ಕೊಮ್ಮೆ ಮಾರಿಜಾತ್ರೆ ಬಂತೆಂದರೆ ಊಟ, ನಿದ್ದೆ ಬಿಟ್ಟು ಬ್ಯಾನರ್. 2019ರವರೆಗೆ ಎಲ್ಲ ಕೆಲಸವೂ ಕೋರೆಲ್ ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ. ದುಡ್ಡು ಕೊಟ್ಟು ಕೊಂಡದ್ದಲ್ಲ, ಗೆಳೆಯನ ಪೆನ್‌ಡ್ರೈವಿನಿಂದ ಬಂದದ್ದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಆ ವರ್ಷ ಕ್ರ್ಯಾಕ್ ಫೈಲಿನ ಜೊತೆ ಬಂದ ವೈರಸ್ ಸೀಸನ್ ಹೊತ್ತಿಗೇ ಕಂಪ್ಯೂಟರನ್ನು ಮಲಗಿಸಿತು. ಅಸಲಿ ಲೈಸೆನ್ಸ್ ಕೊಳ್ಳುವಷ್ಟು ಗಲ್ಲಾಪೆಟ್ಟಿಗೆ ಗಟ್ಟಿ ಇರಲಿಲ್ಲ. ಹಾಗಾಗಿ ಅದೇ ಬಗೆಯ ಕೆಲಸಕ್ಕೆ ಪುಕ್ಕಟೆ ಸಿಗುವ ಇಂಕ್‌ಸ್ಕೇಪ್ ಹಾಕಿಕೊಂಡೆ.

ಹೊಸ ಸಾಫ್ಟ್‌ವೇರ್ ಯಾವುದು ಬಂದರೂ ನಾನು ಮೊದಲು ಟೈಪಿಸುವುದು ‘ಕಾರ್ತವೀರ್ಯಾರ್ಜುನ’. ಒಂದೇ ಹೆಸರಿನಲ್ಲಿ ಮೂರು ಅರ್ಕಾವೊತ್ತು. ಇಂಕ್‌ಸ್ಕೇಪಿನಲ್ಲಿ ಯೂನಿಕೋಡಿನಲ್ಲೇ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಟೈಪಿಸಿದೆ, ಮೂರೂ ತಂತಮ್ಮ ಜಾಗದಲ್ಲಿ ಹೋಗಿ ಕೂತವು. ಒಳಗೆ ಅಕ್ಷರ ಜೋಡಿಸುವ ಪ್ಯಾಂಗೊ, ಹಾರ್ಫ್‌ಬಜ್ ಎಂಬ ಲೈಬ್ರರಿಗಳಿಗೆ ಕನ್ನಡದ ಒತ್ತಕ್ಷರ ಗೊತ್ತು. ನಮ್ಮ ಹಳೆಯ ಪದ್ಧತಿ ನಿಮಗೂ ಗೊತ್ತಿರಬಹುದು: ತೆರೆಯ ಮೇಲೆ ಕಾಣುವುದು ಕನ್ನಡ, ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಭಾಗವತರೂ ಮಾಯ, ಪ್ರಸಂಗವೂ ಮಾಯ.

ಈಗ ಹಾಗಿಲ್ಲ. ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಫೈಲ್ ಸಾದಾ ಪಠ್ಯದ ಫೈಲ್, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಹೋದ ವರ್ಷದ ಕರಪತ್ರಗಳಲ್ಲಿ ಯಾವ ಮದ್ದಳೆಗಾರರ ಹೆಸರು ಎಲ್ಲಿದೆ ಎಂದು ಫೋಲ್ಡರಿನೊಳಗೆ ಕನ್ನಡದಲ್ಲೇ ಹುಡುಕುತ್ತೇನೆ. ದುಡ್ಡು ಉಳಿದದ್ದಕ್ಕಿಂತ ಈ ಸುಖ ದೊಡ್ಡದು. ಫಾಂಟಿಗೂ ಬರವಿಲ್ಲ: ಗುಬ್ಬಿ, ನವಿಲು, ಬಾಲೂ ತಮ್ಮ, ನೋಟೊ ಸೆರಿಫ್ ಎಲ್ಲವೂ ಪುಕ್ಕಟೆ. ಬ್ಯಾನರಿನ ತಲೆಬರಹಕ್ಕೆ ಬಾಲೂ ತಮ್ಮ ಹಾಕಿದರೆ ಬಸ್‌ಸ್ಟ್ಯಾಂಡಿನ ಆಚೆಯಿಂದಲೂ ಓದಬಹುದು. ಆದರೆ ಲಗ್ನಪತ್ರಿಕೆಗೆ ಹಳೆಯ ಬಳುಕಿನ ಅಕ್ಷರವೇ ಬೇಕೆಂದು ಹಟ ಹಿಡಿಯುವ ಗಿರಾಕಿಗೆ ಇವುಗಳಲ್ಲಿ ಸಮಾಧಾನವಿಲ್ಲ.

ಇನ್ನು ಪೆಟ್ಟು ತಿಂದ ಕತೆ. ಮೊದಲ ಕರಪತ್ರವನ್ನು ಇಂಕ್‌ಸ್ಕೇಪಿನಿಂದ ನೇರ ಪಿಡಿಎಫ್ ಮಾಡಿ ಆಫ್‌ಸೆಟ್ ಪ್ರೆಸ್ಸಿಗೆ ಕಳಿಸಿದೆ. ಸಂಜೆ ಪ್ರೆಸ್ಸಿನ ಹಿರಿಯರ ಫೋನು: “ಎಂತಾ ಮಾಡಿ ಇಟ್ಟಿದ್ಯೋ ತಮಾ, ಕಪ್ಪು ಅಕ್ಷರಕ್ಕೆ ನಾಲ್ಕು ಪ್ಲೇಟಾ?” ಇಂಕ್‌ಸ್ಕೇಪ್ ಕೆಲಸ ಮಾಡುವುದು ಆರ್‌ಜಿಬಿಯಲ್ಲಿ, ಅಂದರೆ ತೆರೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ. ಪ್ರೆಸ್ಸಿನಲ್ಲಿ ಒಂದೊಂದು ಶಾಯಿಗೆ ಒಂದೊಂದು ಪ್ಲೇಟ್. ಅದರ ಕಪ್ಪು, ಪ್ರೆಸ್ಸಿನಲ್ಲಿ ಬಣ್ಣ ಬದಲಾಗುವಾಗ ನಾಲ್ಕೂ ಶಾಯಿಗಳ ಮಿಶ್ರಣವಾಗುತ್ತದೆ. ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಅಂಚಿಗೆ ಕೆಂಪು, ನೀಲಿ ನೆರಳು. ಕಲಾವಿದರ ಹೆಸರುಗಳೆಲ್ಲ ಇರುವುದು ಆ ಸಣ್ಣ ಅಕ್ಷರದಲ್ಲೇ! ಆ ರಾತ್ರಿ ಇನ್ನೊಬ್ಬರ ಅಂಗಡಿಯಲ್ಲಿ ಕೂತು ಮತ್ತೆ ಮೊದಲಿಂದ ಮಾಡಿದೆ.

ಇದಕ್ಕೆ ಮದ್ದು ಪುಟ ವಿನ್ಯಾಸದ ಸಾಫ್ಟ್‌ವೇರ್ ಸ್ಕ್ರೈಬಸ್. ಅದೂ ಸುಲಭಕ್ಕೆ ದಕ್ಕಲಿಲ್ಲ. ಆಗ ‘ಸ್ಥಿರ ಆವೃತ್ತಿ’ ಎಂದಿದ್ದದ್ದು 1.4 ಸರಣಿ. ನಂಬಿ ಹಾಕಿಕೊಂಡರೆ ಕಾರ್ತವೀರ್ಯಾರ್ಜುನ ಚೂರುಚೂರು. ಅಕ್ಷರ ಜೋಡಣೆ ಸರಿಯಾದದ್ದು 1.5 ಸರಣಿಯಲ್ಲಿ, ಅದು ಇನ್ನೂ ಪರೀಕ್ಷೆಯ ಹಂತದ್ದು. ವರ್ಷಗಟ್ಟಲೆ ಅದರಲ್ಲೇ ಹೊಟ್ಟೆಪಾಡು ನಡೆಸಿದೆ. ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವ ಚಟ ಹತ್ತಿದ್ದು ಆಗಲೇ. 2024ರ ಜನವರಿಯಲ್ಲಿ 1.6 ಬಂದ ಮೇಲೆ ಉಸಿರು ನಿರಾಳವಾಯಿತು.

ಈಗ ನನ್ನ ಕ್ರಮ ಹೀಗೆ. ಚಿತ್ರ, ಅಂಚುಪಟ್ಟಿ, ಶೀರ್ಷಿಕೆ ಇಂಕ್‌ಸ್ಕೇಪಿನಲ್ಲಿ. ಅದನ್ನು ಎಸ್‌ವಿಜಿಯಾಗಿ ಸ್ಕ್ರೈಬಸ್ಸಿಗೆ ತಂದು, ಸಣ್ಣ ಅಕ್ಷರವನ್ನೆಲ್ಲ ಅಲ್ಲೇ ಟೈಪಿಸಿ ಶುದ್ಧ ಕಪ್ಪು ಕೊಡುವುದು. ಜೊತೆಗೆ ಬಂದ ಆರ್‌ಜಿಬಿ ಕಪ್ಪನ್ನು ಎಡಿಟ್ ಮೆನುವಿನ ‘ರಿಪ್ಲೇಸ್ ಕಲರ್ಸ್’ನಲ್ಲಿ ಒಂದೇ ಏಟಿಗೆ ಬದಲಿಸಬಹುದು. ಪ್ರಿಂಟ್ ಪ್ರಿವ್ಯೂದಲ್ಲಿ ನಾಲ್ಕು ಪ್ಲೇಟುಗಳನ್ನು ಬೇರೆಬೇರೆಯಾಗಿ ನೋಡಿ, ಅಕ್ಷರ ಕಪ್ಪಿನಲ್ಲಿ ಮಾತ್ರ ಇದೆಯೆಂದು ಖಾತ್ರಿಯಾದ ಮೇಲೆ ಪಿಡಿಎಫ್. ಪ್ರೆಸ್ಸಿನಿಂದ ಬೈಗುಳ ಬಂದು ಬಹಳ ಕಾಲವಾಯಿತು. ಉಳಿದಿರುವ ಒಂದು ಕಿರಿಕಿರಿ: ಕಿರಿದಾದ ಕಾಲಮ್ಮಿನಲ್ಲಿ ಎರಡೂ ಅಂಚು ಸಮ ಮಾಡಿದರೆ, ನಮ್ಮ ಉದ್ದುದ್ದ ಪದಗಳ ನಡುವೆ ಹೊಂಡ ಬೀಳುತ್ತದೆ. ಎಡಕ್ಕೆ ಹೊಂದಿಸಿ ಸುಮ್ಮನಾಗಿದ್ದೇನೆ.

ಫೋಟೋ ತಿದ್ದುವ ಜಿಂಪ್ ಬಗ್ಗೆ ಹೆಚ್ಚೇನಿಲ್ಲ. ಫೋಟೋದ ಹಿನ್ನೆಲೆ ತೆಗೆಯಲು ಸಾಕು, ಆದರೆ ಕಿರೀಟದ ಅಂಚು ಬಿಡಿಸುವಷ್ಟರಲ್ಲಿ ಕಣ್ಣು ಸೋಲುತ್ತದೆ. ಒಮ್ಮೆ ಹಾಕಿದ ನೆರಳನ್ನು ಆಮೇಲೆ ತಿದ್ದಲಾಗದೆ ಮತ್ತೆ ಮಾಡುತ್ತಿದ್ದೆ. 2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿ ಆ ಗೋಳು ತಪ್ಪಿಸಿತು. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರಿತಾ ಮಗಳ ಪಾಲಾಗಿದೆ. ಸ್ವೀಡಿಷ್ ಭಾಷೆಯಲ್ಲಿ ಅದಕ್ಕೆ ಬಳಪ ಎಂದರ್ಥವಂತೆ; ಅವಳೂ ಬಳಪದಂತೆಯೇ ಸಿಕ್ಕಸಿಕ್ಕಲ್ಲಿ ಗೀಚುತ್ತಾಳೆ.

ಅಂಕ ಕೊಡಬೇಕೆಂದರೆ ಐದಕ್ಕೆ ಇಂಕ್‌ಸ್ಕೇಪಿಗೆ ನಾಲ್ಕೂವರೆ, ಸ್ಕ್ರೈಬಸ್ಸಿಗೆ ನಾಲ್ಕು, ಜಿಂಪಿಗೆ ಮೂರೂವರೆ. ಇಂಕ್‌ಸ್ಕೇಪಿನ ಅರ್ಧ ಕಳೆದದ್ದು ನೆರಳು, ಮಸುಕು ಹೆಚ್ಚಾದರೆ ಎತ್ತಿನಗಾಡಿಯಾಗುವುದಕ್ಕೆ. ಕೋರೆಲ್ ಡ್ರಾದ ಹಳೆಯ ಸಿಡಿಆರ್ ಫೈಲುಗಳನ್ನೂ ಅದು ತೆರೆಯುತ್ತದೆ, ಆದರೆ ಗೆರೆ ಬಂದಂತೆ ಅಕ್ಷರ ನೆಟ್ಟಗೆ ಬರುವುದಿಲ್ಲ. ನಿಮ್ಮ ದುಡಿಮೆಯೆಲ್ಲ ಹಳೆಯ ಫೈಲುಗಳ ಮೇಲೇ ನಿಂತಿದ್ದರೆ ಅವಸರ ಬೇಡ. ಮೊದಲು ನಿಮ್ಮ ಪ್ರೆಸ್ಸಿಗೆ ಒಂದು ಸಣ್ಣ ಪಿಡಿಎಫ್ ಒಯ್ದು ಪ್ಲೇಟ್ ಹಾಕಿಸಿ ನೋಡಿ. ನಾನು ಅದನ್ನು ಮಾಡದೆ, ಎರಡು ಸಾವಿರ ಕರಪತ್ರದ ಆರ್ಡರ್ ಹಿಡಿದುಕೊಂಡು ಹೋಗಿದ್ದೆ.