ಥಾಯ್ಲೆಂಡ್ ಸಿಹಿ ಹುಣಸೆ: ತಿನ್ನೋಕೆ ಸೈ, ಸಾರಿಗೆ ಬೇಡ

ಹುಣಸೆಹಣ್ಣನ್ನು ಡಬ್ಬಿಗೆ ಹಾಕಿ ಡ್ರ್ಯಾಗನ್ ಫ್ರೂಟ್ ಪಕ್ಕ ಇಟ್ಟು ಮಾರುತ್ತಾರೆ ಅಂದರೆ ನಮ್ಮ ತುಮಕೂರು ಕಡೆಯವರು ನಗುತ್ತಾರೆ. ಆದರೂ ಕೊಂಡುಕೊಂಡೆ. ಅರ್ಧ ಕೆಜಿಗೆ ಸುಮಾರು 300 ರೂಪಾಯಿ. ಬಂದಿರುವುದು ಥಾಯ್ಲೆಂಡಿನ ಫೆಚ್ಚಾಬೂನ್‌ನಿಂದ, ಸಿಹಿ ಹುಣಸೆಗೇ ಹೆಸರಾದ ಪ್ರಾಂತ್ಯ ಅದು.

ರುಚಿಗೆ ಮಾತ್ರ ಎರಡು ಮಾತಿಲ್ಲ. ಸಿಪ್ಪೆ ಒಣಗಿ ಹಣ್ಣಿನಿಂದ ಬಿಟ್ಟುಕೊಂಡಿರುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಪಟ್ ಅಂತ ಒಡೆಯುತ್ತದೆ, ಆಮೇಲೆ ತೊಟ್ಟು ಹಿಡಿದು ಮೆಲ್ಲಗೆ ಎಳೆದರೆ ನಾರೆಲ್ಲ ಒಟ್ಟಿಗೇ ಬಂದುಬಿಡುತ್ತದೆ. ತಿರುಳು ಖರ್ಜೂರದ ಹಾಗೆ ಮೆತ್ತಗೆ, ಅಂಟು ಅಂಟು. ಹುಳಿ ಪೂರ್ತಿ ಇಲ್ಲ ಅಂತಲ್ಲ, ನುಂಗುವ ಹೊತ್ತಿಗೆ ನಾಲಿಗೆಯ ಅಂಚಲ್ಲಿ ಸ್ವಲ್ಪ ಚುರ್ ಅನ್ನುತ್ತದೆ. ಆ ಚುರ್ ಇಲ್ಲದಿದ್ದರೆ ಸುಮ್ನೆ ಬೆಲ್ಲ ತಿಂದಂತಾಗುತ್ತಿತ್ತು, ಅಲ್ವಾ? ಉಪ್ಪು ಖಾರ ಹಚ್ಚಿ ದೋರೆ ಹುಣಸೆ ಚಪ್ಪರಿಸಿ ಬೆಳೆದವರಿಗೆ ಇದು ಸ್ವಲ್ಪ ಸಪ್ಪೆ ಅನಿಸಬಹುದು.

ತಕರಾರು ಎರಡು. ಸಿಪ್ಪೆ, ಬೀಜ, ನಾರು ಕಳೆದರೆ ತಿನ್ನೋಕೆ ಸಿಗುವುದು ಅರ್ಧದಷ್ಟೇ, ಹಾಗಾಗಿ ರೇಟು ಕಾಣುವುದಕ್ಕಿಂತ ಜಾಸ್ತಿ. ಎರಡನೆಯದು ಬೂಷ್ಟು. ಹೊರಗೆ ನೋಡಿದರೆ ಒಳ್ಳೆ ಕಾಯಿ, ಒಡೆದರೆ ಒಳಗೆ ಬಿಳಿ ಬಿಳಿ. ತೇವಾಂಶ ಉಳಿದರೆ ಈ ಹಣ್ಣಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಅಂಗಡಿಯವರನ್ನು ಕೇಳಿದರೆ "ಇಂಪೋರ್ಟ್ ಮಾಲು ಸಾರ್, ವಾಪಸ್ ತಗೊಳ್ಳಲ್ಲ" ಅಂದರು. ಡಬ್ಬಿಯೊಳಗೆ ಹಬೆ ಕಟ್ಟಿದ್ದರೆ, ಸಿಪ್ಪೆ ಬಿರುಕು ಬಿಟ್ಟಿದ್ದರೆ ತಗೋಬೇಡಿ. ಮನೆಗೆ ತಂದ ಮೇಲೆ ಫ್ರಿಜ್ಜಿಗೆ ಹಾಕಿ. ಒಂದೊಂದನ್ನೂ ಬಿಡಿಸಿ ನೋಡಿಯೇ ತಿನ್ನಿ, ಕತ್ತಲಲ್ಲಿ ಟಿವಿ ನೋಡುತ್ತಾ ತಿನ್ನುವ ಹಣ್ಣಲ್ಲ ಇದು.

ಸಾರಿಗೆ, ಪುಳಿಯೋಗರೆ ಗೊಜ್ಜಿಗೆ ಖಂಡಿತ ಬೇಡ. ಮರ ನಮ್ಮ ಹುಣಸೆಯದೇ ಜಾತಿ, ಆದರೆ ಹುಳಿ ಕಡಿಮೆ ಇರುವ ಮರಗಳನ್ನು ಆರಿಸಿ ಕಸಿ ಕಟ್ಟಿ ಬೆಳೆಸಿದ್ದು. ಹುಳಿ ಇಷ್ಟು ಕಡಿಮೆ ಇದ್ದ ಮೇಲೆ ಸಾರಿಗೆ ಹಾಕಿ ಏನು ಮಾಡುವುದು? ಬೀಜ ಎತ್ತಿಟ್ಟು ತೋಟದಲ್ಲಿ ಹಾಕುವ ಯೋಚನೆ ಇದ್ದರೆ ಅದೂ ಬೇಡ, ಬೀಜದ ಗಿಡದಲ್ಲಿ ಅದೇ ಸಿಹಿ ಬರುವ ಗ್ಯಾರಂಟಿ ಇಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಬೂಷ್ಟು ಇಲ್ಲದ ಡಬ್ಬಿ ಸಿಕ್ಕಿದ್ದರೆ ನಾಲ್ಕು. ಮಕ್ಕಳಿಗೆ ಕೊಡುವಾಗ ಬೀಜ ನೀವೇ ತೆಗೆದು ಕೊಡಿ.